ಐದು ಗಂಟಿನ ಬಿರುಕು

ಮನೆ ನೋಡಿಕೊಳ್ಳುವ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ನಮ್ಮ ಬೀದಿಯವರೇ ನನ್ನನ್ನು ಕೇಳಿಕೊಂಡು ಬರುತ್ತಾರೆ. ತಾರಸಿಯ ನೀರು ಯಾವ ಕಡೆ ಇಳಿಯಬೇಕು, ಬಚ್ಚಲಿನ ಗೋಡೆಗೆ ಪಾಚಿ ಹಿಡಿದರೆ ಏನು ಮಾಡಬೇಕು, ಗೆದ್ದಲು ಹತ್ತಿದ ಬಾಗಿಲನ್ನು ಉಳಿಸಿಕೊಳ್ಳಬಹುದೇ ತೆಗೆಸಬೇಕೇ, ಎಲ್ಲ ನನ್ನ ಬಾಯಲ್ಲೇ ಇದೆ. ಅಂಥ ನನ್ನ ಅಡಿಗೆಮನೆಯಲ್ಲೇ ಸೋಮವಾರ ಬೆಳಿಗ್ಗೆ, ಸಾರಿನಪುಡಿ ಡಬ್ಬಿಗಳ ಸ್ಟ್ಯಾಂಡು ಸರಿಸಿ ಧೂಳು ಹೊಡೆಯುವಾಗ, ಒಂದು ಬಿರುಕು ಕಂಡಿತು. ನೆಲದಿಂದ ಗೇಣು ಮೇಲೆ ಶುರುವಾಗಿ, ಐದು ಕಡೆ ತಿರುಗಿ, ತೊಲೆ ಕೂತಿರುವ ಜಾಗದ ಹತ್ತಿರಕ್ಕೆ ಹೋಗಿ ನಿಂತಿತ್ತು. ಹಿಂದಿನ ಸೋಮವಾರ ಅದೇ ಸ್ಟ್ಯಾಂಡು ಸರಿಸಿದಾಗ ಅಲ್ಲಿ ಏನೂ ಇರಲಿಲ್ಲ.

ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಯಾರೋ ಕಳಿಸಿದ್ದರು.

ನಮ್ಮೂರಲ್ಲಿ ಗೋಡೆಯ ಬಿರುಕನ್ನು ಮುಚ್ಚಿದರೆ ಅದು ಇಲ್ಲವಾಗುವುದಿಲ್ಲ, ಬೇರೆಯವರ ಮನೆಗೆ ಹೋಗುತ್ತದೆ. ಅದಕ್ಕೇ ಮುಚ್ಚುವ ಮೊದಲು ಒದ್ದೆ ದಾರವನ್ನು ಬಿರುಕಿನ ಉದ್ದಕ್ಕೂ ಇಟ್ಟು ಕತ್ತರಿಸಿ, ಬಿರುಕು ತಿರುಗಿದ ಕಡೆಯಲ್ಲೆಲ್ಲ ಒಂದೊಂದು ಗಂಟು ಹಾಕಿ, ಮನೆ ನಂಬರಿನ ಚೀಟಿ ಕಟ್ಟಿ ಊರ ಚಾವಡಿಯ ಕಂಬಿಗೆ ತೂಗುಹಾಕಬೇಕು. ಯಾರ ಮನೆಯಲ್ಲಿ ಹೊಸ ಬಿರುಕು ಎದ್ದಿತೋ ಅವರು ತಮ್ಮ ದಾರ ತಂದು ಹೊಂದಿಸಿ ನೋಡುತ್ತಾರೆ. ಹೊಂದಿದರೆ ಎರಡೂ ಮನೆಯವರು ಕೂತು ಮಾತಾಡಿ, ಯಾರು ಇಟ್ಟುಕೊಳ್ಳುವುದು ಎಂದು ತೀರ್ಮಾನ ಮಾಡುತ್ತಾರೆ. ವಾಪಸು ತೆಗೆದುಕೊಳ್ಳುವವರು ತಮ್ಮ ಗೋಡೆಗೆ ಮೆತ್ತಿದ ಗಾರೆ ಕೆತ್ತಿಸಿದರೆ ಅವತ್ತೇ ದೀಪ ಹಚ್ಚುವುದರೊಳಗೆ ಅದು ಹೊರಟುಬರುತ್ತದೆ. ಬೇರೆ ದಾರಿಯಿಲ್ಲ. ಹೊರಗಿನಿಂದ ಬಂದ ಬಿರುಕಿಗೆ ಎಷ್ಟು ಗಾರೆ ಮೆತ್ತಿದರೂ ಉದುರಿಹೋಗುತ್ತದೆ. ಇನ್ನೊಂದು, ಒಂದು ಮನೆಯಲ್ಲಿ ಮುಚ್ಚಿದ ಬಿರುಕು ಅದೇ ಮನೆಯ ಬೇರೆ ಗೋಡೆಯಲ್ಲಿ ಏಳುವುದಿಲ್ಲ. ಇದು ನಮ್ಮೂರ ಚಿಕ್ಕ ಮಕ್ಕಳಿಗೂ ಗೊತ್ತು.

ಹೂ ಕಟ್ಟುವ ದಾರ ಒದ್ದೆ ಮಾಡಿ ಅಳೆದೆ. ಮೂರೂವರೆ ಮೊಳ, ಐದು ಗಂಟು. ಒಲೆ ಆರಿಸಿ ಹಿತ್ತಿಲ ಬಾಗಿಲಿಗೆ ಬೀಗ ಹಾಕಿ ಚಾವಡಿಗೆ ಹೋದೆ. ಕಂಬಿಯಲ್ಲಿ ಇಪ್ಪತ್ತೋ ಇಪ್ಪತ್ತೆರಡೋ ದಾರಗಳಿದ್ದವು. ಒಂದೊಂದನ್ನೂ ಎರಡೆರಡು ಸಲ ಹೊಂದಿಸಿ ನೋಡಿದೆ, ಯಾವುದೂ ಹೊಂದಲಿಲ್ಲ. ಅಂದರೆ ಯಾರೋ ದಾರ ಹಾಕದೆ, ಕದ್ದುಮುಚ್ಚಿ, ಸುಣ್ಣ ಮೆತ್ತಿಕೊಂಡು ಏನೂ ಅರಿಯದವರ ಹಾಗೆ ಕೂತಿದ್ದರು. ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಕಳ್ಳತನವಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಒಂದೊಂದು ಮನೆಯ ಗೋಡೆಯನ್ನೂ ದಿಟ್ಟಿಸಿಕೊಂಡು ಬಂದೆ. ನಮಸ್ಕಾರ ಎಂದವರಿಗೆ ನಮಸ್ಕಾರವನ್ನೂ ಹೇಳಲಿಲ್ಲ.

ಮೇಸ್ತ್ರಿ ದಸ್ತಗೀರ್ ಸಾಬರನ್ನು ಹಿತ್ತಿಲ ಬಾಗಿಲಿಂದಲೇ ಕರೆದು ತೋರಿಸಿದೆ. ಊರಿನ ಅರ್ಧ ಮನೆಗಳಿಗೆ ಗಾರೆ ಮಾಡಿದ ಕೈ ಅವರದು. ಬಿರುಕಿನ ತುದಿಗೆ ಬೆರಳಿಟ್ಟು, ಅಲ್ಲಿಂದ ತೊಲೆಗೆ ಎಷ್ಟು ದೂರ ಎಂದು ಅಳೆದು ನೋಡಿದರು.

"ಮೂರು ಬೆರಳು ಉಳಿದದೆ ಅಮ್ಮಾವ್ರೆ. ಒಲೆ ಬಿಸಿಗೆ ಬೆಳೀತಾ ಅದೆ. ಹದಿನೈದು ದಿವಸ ಅಂದ್ಕೊಳ್ಳಿ. ತೊಲೆ ಮುಟ್ತು ಅಂದ್ರೆ ಚಾವಡಿಯೋರು ಬಂದು ಬಾಗಿಲಿಗೆ ಸುಣ್ಣದ ಗೀಟು ಎಳೆದು ಖಾಲಿ ಮಾಡಿ ಅಂತಾರೆ. ಅವರನ್ನ ಬೈದು ಪ್ರಯೋಜನ ಇಲ್ಲ, ಸೂರು ಬಿದ್ರೆ ಕಷ್ಟ ಅಲ್ವಾ."

"ಯಾರದ್ದು ಇದು? ನೀವು ಇತ್ತೀಚೆಗೆ ಎಲ್ಲೆಲ್ಲಿ ಗಾರೆ ಮಾಡಿದ್ರಿ, ನೆನಪು ಮಾಡ್ಕೊಂಡು ಹೇಳಿ."

"ನಾನು ದಾರ ಹಾಕದೆ ಕರಣೆ ಮುಟ್ಟೋನಲ್ಲ, ನಿಮಗೇ ಗೊತ್ತು," ಎಂದರು. ಆಮೇಲೆ, "ಯಜಮಾನ್ರಿಗೆ ಹೇಳಿದ್ರಾ?" ಎಂದು ಕೇಳಿದರು.

"ಅವರಿಗೆ ಗಡಿಯಾರದ ಮುಳ್ಳು ಬಿಟ್ಟು ಬೇರೆ ಏನು ಗೊತ್ತಾಗುತ್ತೆ? ಬಿಡಿ."

ಸಾಬರು ಏನೋ ಹೇಳಲು ಹೋದವರು ಹೇಳದೆ ತಲೆಗೆ ಟವೆಲು ಸುತ್ತಿಕೊಂಡು ಹೊರಟರು. ನನ್ನ ಕಣ್ಣು ತಪ್ಪಿಸಿದರು. ನಾನು ಅವರನ್ನೂ ಅನುಮಾನದ ಪಟ್ಟಿಗೆ ಸೇರಿಸಿಕೊಂಡೆ.

ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಮುಂದಿನ ಕೋಣೆ ಬೀದಿಗೆ ತೆರೆದುಕೊಂಡಿದೆ, ಅದು ನಮ್ಮ ಯಜಮಾನರು ಪಂಚಾಕ್ಷರಿಯವರ ಗಡಿಯಾರ ರಿಪೇರಿ ಅಂಗಡಿ. ಹಿಂದಿನದು ನನ್ನ ಅಡಿಗೆಮನೆ, ಅದರ ಪಕ್ಕಕ್ಕೆ ದೇವರಮನೆ ಮತ್ತು ನಾನು ಮಲಗುವ ಕೋಣೆ. ಮಕ್ಕಳಿಲ್ಲ, ಅತ್ತೆ ತೀರಿಕೊಂಡ ಮೇಲೆ ನಾವಿಬ್ಬರೇ. ನಾಲ್ಕು ವರ್ಷದ ಹಿಂದೆ ನಾನು ನಡುವಿನ ಗೋಡೆ ಒಡೆಸಿ ಮನೆಯನ್ನು ಉದ್ದಕ್ಕೂ ಬೆಳಕು ಹರಿಯುವ ಹಾಗೆ ಮಾಡಿಸೋಣ ಎಂದೆ. ಅದು ಭಾರ ಹೊತ್ತ ಗೋಡೆ, ಮುಟ್ಟಬೇಡ ಎಂದು ಇವರು ಹೇಳಿದರು. ನಿಮಗೇನು ಗೊತ್ತು ಎಂದು ನಾನು ಹೇಳಿದೆ. ಮಾತಿಗೆ ಮಾತು ಬೆಳೆದು ತಿಂಗಳು ಮಾತಿಲ್ಲದೆ ಕಳೆಯಿತು. ಕೊನೆಗೆ ಇವರೇ ಗೋಡೆಯಲ್ಲಿ ತಟ್ಟೆ ಹಿಡಿಯುವಷ್ಟು ಒಂದು ಕಿಂಡಿ ಕೊರೆಸಿದರು. ಊಟ, ಕಾಫಿ ಅಲ್ಲಿಂದಲೇ ದಾಟಿಸುತ್ತೇನೆ. ನಡುಬಾಗಿಲು ಸುಮ್ಮನೆ ಜಾಗ ತಿನ್ನುತ್ತಿತ್ತು, ಅದಕ್ಕೆ ಚಿಲಕ ಹಾಕಿ ಪಾತ್ರೆ ಸ್ಟ್ಯಾಂಡು ಅಡ್ಡ ಇಟ್ಟೆ. ಜಾಗ ಸಾಲದು ಎಂದು ಗೋಳಾಡುವವರಿಗೆ ಈ ಉಪಾಯವನ್ನು ನಾನೇ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಇವರು ಬೀದಿಬಾಗಿಲಲ್ಲಿ ಓಡಾಡುತ್ತಾರೆ, ಅಲ್ಲೇ ಮಂಚ ಹಾಕಿಕೊಂಡಿದ್ದಾರೆ. ನಾನು ಹಿತ್ತಿಲ ಬಾಗಿಲಲ್ಲಿ ಓಡಾಡುತ್ತೇನೆ. ಜಗಳವಿಲ್ಲ, ತಂಟೆಯಿಲ್ಲ.

ಮಂಗಳವಾರದಿಂದ ನಾನು ಮನೆಮನೆ ತಿರುಗಿದೆ. ಬರಿಗೈಲಿ ಹೋದರೆ ಒಳಗೆ ಬಿಡುವುದಿಲ್ಲ, ಹಾಗಾಗಿ ಸಲಹೆ ಕೊಡುವ ನೆಪ. ಸಂಪಿನ ಮುಚ್ಚಳ ನೋಡುತ್ತೇನೆ ಎಂದು ಒಂದು ಮನೆ, ತಾರಸಿಯ ದೋಣಿಯಲ್ಲಿ ಎಲೆ ಕಟ್ಟಿಕೊಂಡಿದೆಯೇ ನೋಡುತ್ತೇನೆ ಎಂದು ಇನ್ನೊಂದು. ಮಾತಾಡುತ್ತ ಬೆರಳ ಗಿಣ್ಣಿನಿಂದ ಗೋಡೆ ತಟ್ಟುವುದು. ಹೊಸ ಗಾರೆಯ ಶಬ್ದ ಮಂಕಾಗಿರುತ್ತದೆ, ಹತ್ತಿರ ಮೂಗಿಟ್ಟರೆ ಸುಣ್ಣದ ಹಸಿ ವಾಸನೆಯೂ ಬರುತ್ತದೆ. ಕ್ಯಾಲೆಂಡರು ಕಂಡರೆ ಇವತ್ತು ಯಾವ ತಿಥಿ ಎಂದು ಎತ್ತಿ ಹಿಂದೆ ನೋಡುವುದು. ಮೂರು ದಿನದಲ್ಲಿ ಹದಿನಾರು ಮನೆ ಮುಗಿಸಿದೆ. ಯಾರು ಸಕ್ಕರೆ ಜಾಸ್ತಿ ಹಾಕಿ ಕಾಫಿ ಕೊಟ್ಟರೋ ಅವರ ಮೇಲೆ ಅನುಮಾನ, ಕಾಫಿ ಕೊಡದವರ ಮೇಲೆ ಇನ್ನೂ ಅನುಮಾನ. ಹೂವಿನವಳಿಗೆ, ಹಾಲಿನವಳಿಗೆ, ಚಾವಡಿಯ ಕಾವಲಿನವನಿಗೆ, ಎಲ್ಲರಿಗೂ ನನ್ನ ಗೋಡೆಯ ಕತೆ ಹೇಳಿದೆ. ಅವರು ಅಯ್ಯೋ ಪಾಪ ಎಂದರೆ, ಇವರಿಗೆ ಇಷ್ಟೊಂದು ಮರುಕ ಯಾಕೆ ಎಂದು ಅದೂ ಸಂಶಯ. ದಿನಾ ಸಂಜೆ ಮನೆಗೆ ಬಂದು ತೊಲೆಯ ಕೆಳಗೆ ಬೆರಳಿಟ್ಟು ಅಳೆಯುತ್ತಿದ್ದೆ. ಗುರುವಾರದ ಹೊತ್ತಿಗೆ ಮೂರು ಬೆರಳು ಎರಡಾಗಿತ್ತು. ಈ ಅಡಿಗೆಮನೆಗೆ ನಾನು ಬಂದಾಗ ನನಗೆ ಹತ್ತೊಂಬತ್ತು ವರ್ಷ, ಇದನ್ನು ಬಿಟ್ಟರೆ ನನಗೆ ಬೇರೆ ಜಾಗವಿಲ್ಲ.

ಉಳಿದದ್ದು ಸರ್ವಮಂಗಳೆಯ ಮನೆ. ನಮ್ಮ ಪಕ್ಕದವಳು, ಶಾಲೆಯಲ್ಲಿ ಹೊಲಿಗೆ ಹೇಳಿಕೊಡುತ್ತಾಳೆ. ಬೇಕೆಂದೇ ಅವಳನ್ನು ಕೊನೆಗಿಟ್ಟಿದ್ದೆ. ಯಾಕೆಂದರೆ ಅವಳೇ ಎಂದು ಮೊದಲ ದಿನದಿಂದಲೂ ನನ್ನ ಮನಸ್ಸು ಹೇಳುತ್ತಿತ್ತು. ಎರಡು ತಿಂಗಳ ಹಿಂದಷ್ಟೇ ಮನೆಯನ್ನೆಲ್ಲ ಹೊಸದು ಮಾಡಿಸಿದ್ದಳು. ನೆಲಕ್ಕೆ ಹೊಸ ಟೈಲ್ಸು, ಗೋಡೆಗೆ ಎಳೆ ಹಸಿರು ಬಣ್ಣ, ಬಾಗಿಲಿಗೆ ಪಾಲಿಶು. ಒಂದು ಮಾತು ನನ್ನನ್ನು ಕೇಳಲಿಲ್ಲ.

ಶುಕ್ರವಾರ ಶಾಲೆಗೆ ರಜೆ ಇತ್ತು. ನಾನು ಹೋದಾಗ ಮಂಗಳೆ ನಡುಮನೆಯಲ್ಲಿ ಕೂತು ಬಟ್ಟೆಗೆ ಗುಂಡಿ ಹಚ್ಚುತ್ತಿದ್ದಳು. ಒಳಗೆ ಕಾಲಿಡುತ್ತಲೇ ನನಗೆ ಕಂಡದ್ದು ಬೀರು. ದೊಡ್ಡ ಕಬ್ಬಿಣದ ಬೀರು, ಅರ್ಧ ಕಿಟಕಿ ಮುಚ್ಚಿಕೊಂಡು ನಿಂತಿತ್ತು. ಎದುರಿನ ಗೋಡೆ ಪೂರ್ತಿ ಖಾಲಿ. ಇಷ್ಟು ಖರ್ಚು ಮಾಡಿ ಮನೆ ಮಾಡಿಸಿಕೊಂಡವಳು ಗಾಳಿ ಬೆಳಕಿಗೆ ಅಡ್ಡವಾಗಿ ಯಾಕೆ ಬೀರು ಇಡುತ್ತಾಳೆ?

"ಬೀರು ಅಲ್ಲಿ ಯಾಕೆ ಇಟ್ಟಿದ್ದೀಯ ಮಂಗಳಾ?"

"ಅಲ್ಲೇ ಇರ್ಲಿ ಬಿಡಿ ಅಕ್ಕ."

"ಕಿಟಕಿ ಮುಚ್ಚುತ್ತೆ ಕಣೇ. ಈ ಕಡೆ ಗೋಡೆಗೆ ಇಟ್ರೆ ಮನೆ ಎಷ್ಟು ದೊಡ್ಡದಾಗಿ ಕಾಣುತ್ತೆ ಗೊತ್ತಾ? ಹಿಡ್ಕೋ, ಸರಿಸೋಣ."

"ಬೇಡ ಅಕ್ಕ, ನಿಮಗ್ಯಾಕೆ ಶ್ರಮ." ಅವಳ ಸೂಜಿ ನಿಂತಿತು. ಮುಖದ ಬಣ್ಣ ಇಳಿಯಿತು. ನನಗೆ ಅಷ್ಟು ಸಾಕಾಗಿತ್ತು. ಸೆರಗು ಸಿಕ್ಕಿಸಿಕೊಂಡು ಬೀರುವಿಗೆ ಹೆಗಲು ಕೊಟ್ಟು ತಳ್ಳಿದೆ. ಹೊಸ ಟೈಲ್ಸಿನ ಮೇಲೆ ಅದು ಸುಲಭವಾಗಿ ಜಾರಿತು.

ಅಲ್ಲಿ ಗಾರೆಯ ತೇಪೆ ಇರಲಿಲ್ಲ. ಒಂದು ಬಿರುಕಿತ್ತು, ಹಳೆಯದು, ಅಂಚೆಲ್ಲ ಕಪ್ಪಾಗಿತ್ತು. ಅದರ ಸುತ್ತ ಮಾತ್ರ ಬಣ್ಣ ನಿಲ್ಲದೆ ಚಕ್ಕೆ ಎದ್ದಿತ್ತು. ಪಕ್ಕದಲ್ಲಿ ಒಂದು ಮೊಳೆ, ಮೊಳೆಗೆ ಒಂದು ದಾರ, ಎರಡು ಗಂಟು. ದಾರಕ್ಕೆ ಕಟ್ಟಿದ ಚೀಟಿಯಲ್ಲಿ ಮೂವತ್ತೆರಡು ಎಂದು ಬರೆದಿತ್ತು. ನಮ್ಮ ಮನೆ ನಂಬರು. ನನ್ನದೇ ಅಕ್ಷರ.

ಆರು ವರ್ಷದ ಹಿಂದೆ ದೇವರಮನೆಯ ಗೋಡೆಯಲ್ಲಿ ಬಿರುಕು ಬಂದಾಗ ನಾನು ಮುಚ್ಚಿಸಿದ್ದೆ. ಕ್ರಮವಾಗಿ ದಾರ ಹಾಕಿದ್ದೆ. ತಿಂಗಳಾದ ಮೇಲೆ ನೋಡಿದರೆ ದಾರ ಕಂಬಿಯಲ್ಲಿರಲಿಲ್ಲ. ಯಾರೂ ಕೇಳಿಕೊಂಡು ಬರಲಿಲ್ಲವಲ್ಲ, ಇಲಿ ಕಚ್ಚಿಕೊಂಡು ಹೋಗಿರಬೇಕು ಎಂದುಕೊಂಡು ಮರೆತೇಬಿಟ್ಟಿದ್ದೆ.

"ನಿಂಗೆ ಬಂದಿತ್ತಾ ಅದು?" ಎಂದೆ.

"ಹೊಂದಿಸಿ ನೋಡಿ ದಾರ ಬಿಚ್ಕೊಂಡು ನಿಮ್ಮ ಬಾಗಿಲವರೆಗೂ ಬಂದಿದ್ದೆ ಅಕ್ಕ. ಒಳಗೆ ನಿಮ್ಮತ್ತೆ ಕೆಮ್ತಾ ಇದ್ರು. ಆಗ ಅವರು ಹಾಸಿಗೆ ಹಿಡಿದು ಎಷ್ಟು ದಿನ ಆಗಿತ್ತೋ. ಅಂಥ ಹೊತ್ತಲ್ಲಿ ಗೋಡೆ ಕೆತ್ತಿಸಿ, ಧೂಳು ಎಬ್ಬಿಸಿ ಅಂತ ಹೇಗೆ ಹೇಳೋದು. ವಾಪಸು ಬಂದೆ."

"ಆಮೇಲಾದ್ರೂ ಹೇಳ್ಬಾರ್ದಿತ್ತಾ?"

"ಆಮೇಲೆ ಅಭ್ಯಾಸ ಆಗೋಯ್ತು. ಇದು ಬೆಳೀತಾನೂ ಇಲ್ಲ, ಸುಮ್ನೆ ಇದೆ. ನಿಮಗೆ ಕಂಡ್ರೆ ನೊಂದ್ಕೋತೀರ ಅಂತ ಬೀರು ಇಟ್ಟೆ."

ನಾನು ಅಲ್ಲೇ ಹೊಸ ನೆಲದ ಮೇಲೆ ಕೂತುಬಿಟ್ಟೆ. ನಾಚಿಕೆಯಾಯಿತು. ಐದು ದಿನದಿಂದ ಬೀದಿಯಲ್ಲಿ ಕಳ್ಳರನ್ನು ಹುಡುಕಿದವಳು ನಾನು, ನನ್ನ ಬಿರುಕನ್ನು ಆರು ವರ್ಷ ಇಟ್ಟುಕೊಂಡವಳು ಇವಳು. ಸೋಮವಾರ ದೇವರಮನೆಯ ಗಾರೆ ಕೆತ್ತಿಸುತ್ತೇನೆ, ನೀನು ಏನೂ ಮಾತಾಡಬೇಡ ಎಂದು ಹೇಳಿದೆ. ಅವಳು ನೀರು ತಂದುಕೊಟ್ಟಳು. ನಾನು ಕುಡಿದು ಮುಗಿಸುವವರೆಗೆ ಕಾದು, ಹೇಳಲೋ ಬೇಡವೋ ಎನ್ನುವ ಹಾಗೆ ಬಾಯಿ ತೆರೆದಳು.

"ಅಕ್ಕ, ತಪ್ಪು ತಿಳೀಬೇಡಿ. ಹೋದ ಶನಿವಾರ ನಿಮ್ಮ ಯಜಮಾನ್ರು ಅಂಗಡಿ ಕದ ಹಾಕ್ಕೊಂಡು ಏನೋ ಕೆರೀತಾ ಇದ್ರು. ಗಡಿಯಾರದ ಶಬ್ದ ಅಲ್ಲ ಅದು. ನಂಗೆ ಗೋಡೆ ಶಬ್ದ ಅನ್ನಿಸ್ತು."

"ಅದು ನಮ್ಮನೇನೇ ಅಲ್ವೇನೇ? ಮುಚ್ಚಿದ ಮನೇಲೇ ಏಳುತ್ತಾ ಎಲ್ಲಾದ್ರೂ?"

"ಏಳಲ್ಲ. ಕೇಳಿಸಿದ್ದು ಹೇಳ್ದೆ ಅಷ್ಟೆ."

ಇವರನ್ನು ಅನುಮಾನಿಸುವುದು ನನಗೆ ಹೊಳೆದೇ ಇರಲಿಲ್ಲ. ಆದರೆ ಹೊಳೆದ ಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ನಡುಬಾಗಿಲಿಗೆ ಪಾತ್ರೆ ಸ್ಟ್ಯಾಂಡು ಅಡ್ಡವಿತ್ತು, ಹಾಗಾಗಿ ಓಣಿ ಸುತ್ತಿಕೊಂಡು ಬೀದಿಯ ಕಡೆಯಿಂದ ಅಂಗಡಿಗೆ ಹೋದೆ. ಬಾಗಿಲು ತಳ್ಳಿದರೆ ಮೇಲೆ ಕಟ್ಟಿದ್ದ ಗಂಟೆ ಟಿಣ್ ಎಂದಿತು. ಆ ಗಂಟೆ ಯಾವಾಗ ಕಟ್ಟಿದರೋ ನನಗೆ ಗೊತ್ತಿಲ್ಲ. ಇವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ್ದರು. "ಬನ್ನಿ, ಕೂತ್ಕೊಳ್ಳಿ," ಎಂದರು, ಗಿರಾಕಿ ಎಂದುಕೊಂಡು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿ ಎದ್ದು ನಿಂತರು.

ಮೂಲೆಯಲ್ಲಿ ಒಂದು ಸಣ್ಣ ಸೀಮೆಎಣ್ಣೆ ಸ್ಟೌವಿತ್ತು, ಪಕ್ಕಕ್ಕೆ ಟೀಪುಡಿಯ ಡಬ್ಬಿ, ಒಂದೇ ಲೋಟ. ಕುಡಿಯುವ ನೀರಿನ ಮಡಕೆ. ಹಗ್ಗದ ಮೇಲೆ ಅವರೇ ಒಗೆದುಕೊಂಡ ಟವೆಲು. ಇಷ್ಟೆಲ್ಲ ಸಂಸಾರ ಇಲ್ಲಿ ಬೆಳೆದಿತ್ತು, ನನಗೆ ತಿಳಿಯದು. ಅವರ ಕುರ್ಚಿಯ ಹಿಂದೆ, ಹೊಸದಾಗಿ ತೂಗುಹಾಕಿದ್ದ ದೊಡ್ಡ ಗೋಡೆ ಗಡಿಯಾರದ ಕೆಳಗೆ, ಬೆಳ್ಳಗೆ ಒಂದು ತೇಪೆ ಇತ್ತು. ಅಂಕುಡೊಂಕಾದ ತೇಪೆ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನನ್ನ ದಾರ ಬಿಚ್ಚಿ ಅದರ ಮೇಲೆ ಇಟ್ಟೆ. ಒಂದನೇ ತಿರುವಿಗೆ ಒಂದನೇ ಗಂಟು. ಐದನೇ ತಿರುವಿಗೆ ಐದನೇ ಗಂಟು.

"ದಾರ ಯಾಕೆ ಹಾಕ್ಲಿಲ್ಲ ನೀವು?"

"ಈ ಗಡಿಯಾರಕ್ಕೆ ಮೊಳೆ ಹೊಡೆದೆ, ಬಿರುಕು ಬಿಡ್ತು. ದಾರ ಹಾಕಿದ್ರೆ ಚೀಟೀಲಿ ನಂಬರು ಬರೀಬೇಕು. ಅದು ನಿನ್ನ ಕಣ್ಣಿಗೆ ಬೀಳುತ್ತೆ. ಮೊಳೆ ಹೊಡೆಯೋಕೂ ಬರಲ್ಲ ಅಂತ ಊರೆಲ್ಲ ಕೇಳೋ ಹಾಗೆ ಅಂತೀಯ." ಅವರು ಕೈಯಲ್ಲಿದ್ದ ಚಿಮಟವನ್ನೇ ನೋಡುತ್ತಿದ್ದರು. "ಯಾರ ಮನೇಲಿ ಎದ್ದಿದೆ? ಹೇಳು, ನಾನೇ ಹೋಗಿ ಕ್ಷಮೆ ಕೇಳ್ತೀನಿ."

"ನನ್ನ ಅಡಿಗೆಮನೇಲಿ ಎದ್ದಿದೆ. ತೊಲೆ ಕೆಳಗೆ. ಎರಡೇ ಬೆರಳು ಉಳಿದಿರೋದು. ಸೋಮವಾರದಿಂದ ಅದೇ ಒದ್ದಾಡ್ತಿದ್ದೀನಿ."

"ನೀನು ಮನೆಮನೆ ಗೋಡೆ ತಟ್ತಾ ಇದ್ದೀಯ ಅಂತ ಯಾರೋ ಅಂದ್ರು. ಬೇರೆ ಯಾರಿಗೋ ಸಹಾಯ ಮಾಡ್ತಿದ್ದೀಯ ಅಂದ್ಕೊಂಡೆ." ಅವರು ಭೂತಗನ್ನಡಿ ತೆಗೆದರು. "ನನಗೆ ಒಂದು ಮಾತು ಹೇಳ್ಲಿಲ್ಲವಲ್ಲ ದಾಕ್ಷಾಯಣಿ."

ನಿಜ. ಹಾಲಿನವಳಿಗೆ ಹೇಳಿದ್ದೆ, ಇವರಿಗೆ ಹೇಳಿರಲಿಲ್ಲ. ದಿನಕ್ಕೆ ನಾಲ್ಕು ಸಲ ಕಿಂಡಿಯಲ್ಲಿ ತಟ್ಟೆ ಲೋಟ ದಾಟಿಸಿದ್ದೆ, ಹೇಳಬೇಕು ಅನ್ನಿಸಿರಲೇ ಇಲ್ಲ. ಇಬ್ಬರೂ ತೇಪೆಯನ್ನು ನೋಡುತ್ತ ನಿಂತೆವು. ಒಂದು ಮನೆಯಲ್ಲಿ ಮುಚ್ಚಿದ್ದು ಅದೇ ಮನೆಯಲ್ಲಿ ಏಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಚಾವಡಿಯವರ ಪುಸ್ತಕದಲ್ಲಿ ಮೂವತ್ತೆರಡು ಒಂದೇ ಮನೆ. ಬಿರುಕಿಗೆ ಅದು ಎರಡು ಮನೆಯಾಗಿ ಕಂಡಿತ್ತು. ನನಗೆ ಅಳು ಬಂತು, ಅವರ ಮುಂದೆಯೇ ಅತ್ತೆ.

ದಸ್ತಗೀರ್ ಸಾಬರು ಶನಿವಾರ ಬೆಳಿಗ್ಗೆ ಉಳಿ ಸುತ್ತಿಗೆ ಹಿಡಿದು ಬಂದರು. ಹೂಕುಂಡಕ್ಕೆ ಎಂದು ಯಜಮಾನರು ಸಾಬರ ಹತ್ತಿರವೇ ಒಂದು ಬೊಗಸೆ ಸುಣ್ಣ ಈಸಿಕೊಂಡಿದ್ದರಂತೆ, ಹೇಳಿದರೆ ಗಂಡ ಹೆಂಡಿರ ನಡುವೆ ಬಂದ ಹಾಗಾಗುತ್ತದೆ ಎಂದು ಸುಮ್ಮನಿದ್ದುದಾಗಿ ಒಪ್ಪಿಕೊಂಡರು. ಮುಂದಿನ ಕೋಣೆಯ ಆ ಗೋಡೆಗೆ ತೊಲೆಯ ಭಾರವಿಲ್ಲ, ಬಿರುಕು ಅಲ್ಲಿದ್ದರೆ ಏನೂ ಅಪಾಯವಿಲ್ಲ. ಗಾರೆಯನ್ನೆಲ್ಲ ಕೆತ್ತಿ, ಮೊರದಲ್ಲಿ ತುಂಬಿ ಹೊರಗೆ ಸುರಿದು ಬಂದು, ನಮ್ಮಿಬ್ಬರ ಮುಖ ನೋಡಿದರು. ಅಷ್ಟು ಹೊತ್ತಿಗೆ ನಾನು ಆ ಕೋಣೆಯಲ್ಲಿ ಕೂತು ಯಜಮಾನರ ಆ ಒಂದೇ ಲೋಟದಲ್ಲಿ ಟೀ ಕುಡಿಯುತ್ತಿದ್ದೆ.

"ಅಮ್ಮಾವ್ರೆ, ಒಂದು ಮಾತು. ಇದು ಅಡಿಗೆಮನೆ ಬಿಟ್ಟು ಇಲ್ಲಿಗೆ ಬರ್ಬೇಕು ಅಂದ್ರೆ ಅದು ಒಂದು ಮನೆ, ಇದು ಒಂದು ಮನೆ ಆಗಿರ್ಬೇಕು. ನೀವು ಈಗಲೇ ಒಂದಾಗಿಬಿಟ್ರೆ ಅದು ಹೊರಡೋದಾದ್ರೂ ಎಲ್ಲಿಗೆ? ತೊಲೆ ಕೆಳಗೇ ಕೂತ್ಕೊಳ್ಳುತ್ತೆ. ಇವತ್ತು ದೀಪ ಹಚ್ಚೋವರೆಗೂ ಹಿಂದೆ ಹೇಗಿದ್ರೋ ಹಾಗೇ ಇದ್ಬಿಡಿ. ಮಾತಿಲ್ಲ, ಕತೆಯಿಲ್ಲ."

ನಾನು ಲೋಟ ಕೆಳಗಿಟ್ಟೆ. ಓಣಿ ಸುತ್ತಿ ಹಿತ್ತಿಲಿಂದ ಒಳಗೆ ಹೋದೆ. ನಾಲ್ಕು ವರ್ಷ ಸಲೀಸಾಗಿ ಮಾಡಿದ್ದನ್ನು ಇನ್ನೊಂದು ಹಗಲು ಮಾಡುವುದು ಏನು ಮಹಾ ಎಂದುಕೊಂಡಿದ್ದೆ. ಅಷ್ಟು ಕಷ್ಟದ ಹಗಲನ್ನು ನಾನು ಕಂಡಿಲ್ಲ. ಆ ಕಡೆ ಅವರು ಕೆಮ್ಮಿದರೆ ಶುಂಠಿ ಕಷಾಯ ಬೇಕಾ ಎಂದು ಕೇಳಬೇಕು ಅನ್ನಿಸುವುದು. ಗಂಟೆ ಟಿಣ್ ಎಂದರೆ ಯಾರು ಬಂದರು ಎಂದು ಕೇಳಬೇಕು ಅನ್ನಿಸುವುದು. ತುಟಿ ಕಚ್ಚಿಕೊಂಡು ಗೋಡೆಯ ಮುಂದೆ ಮಣೆ ಹಾಕಿಕೊಂಡು ಕೂತೆ. ಮಧ್ಯಾಹ್ನದ ಹೊತ್ತಿಗೆ ಬಿರುಕಿನ ಮೇಲಿನ ತುದಿ ಮಸುಕಾಯಿತು. ತೊಲೆಯ ಕಡೆಯಿಂದ ಕೆಳಕ್ಕೆ ಕೂಡಿಕೊಳ್ಳುತ್ತ ಬಂತು. ಮೇಲಿನಿಂದ ಮೊದಲನೇ ಗಂಟಿನ ಜಾಗ ಹೋಯಿತು, ಎರಡನೆಯದು ಹೋಯಿತು. ನಾನು ಉಸಿರೂ ಜೋರಾಗಿ ಬಿಡಲಿಲ್ಲ. ಮೂರನೆಯದು ಹೋದಾಗ ತೊಲೆಗೆ ಇನ್ನು ಭಯವಿಲ್ಲ ಎಂದು ಗೊತ್ತಾಗಿ ಎದ್ದು ಊಟ ಬಡಿಸಿದೆ. ಎಂದಿನ ಹಾಗೆ ಮಾತಿಲ್ಲದೆ ತಟ್ಟೆಯನ್ನು ಕಿಂಡಿಯಲ್ಲಿಟ್ಟೆ, ಎಂದಿನ ಹಾಗೆ ಮಾತಿಲ್ಲದೆ ಅವರು ತೆಗೆದುಕೊಂಡರು. ನಾಲ್ಕನೆಯದೂ ಹೋಯಿತು. ಐದನೇ ತಿರುವು, ಅದರ ಕೆಳಗಿನ ತುಂಡು ಮಾತ್ರ ಉಳಿದಿತ್ತು, ಗೇಣುದ್ದ.

ಆಗ ಕಿಂಡಿಯ ಆ ಕಡೆಯಿಂದ ದನಿ ಬಂತು. "ದಾಕ್ಷಾ, ಸಾರಿಗೆ ಉಪ್ಪು ಹಾಕಿಲ್ವಾ?"

ನಾನು ಉಪ್ಪು ಹಾಕಿದ್ದೆ. ಮೂವತ್ತು ವರ್ಷದಲ್ಲಿ ಒಂದು ದಿನ ನಾನು ಸಾರಿಗೆ ಉಪ್ಪು ಮರೆತವಳಲ್ಲ. ಯಾರು ಏನಾದರೂ ಅನ್ನಲಿ, ನನ್ನ ಸಾರಿನ ಮೇಲೆ ಮಾತು ಬಂದರೆ ನಾನು ಸುಮ್ಮನಿರುವುದಿಲ್ಲ.

"ಹಾಕಿದ್ದೀನಿ ರೀ, ನಿಮ್ಮ ನಾಲಿಗೆ ನೆಟ್ಟಗಿದೆಯಾ ನೋಡ್ಕೊಳ್ಳಿ," ಎಂದುಬಿಟ್ಟೆ.

ಆ ಕಡೆ ಅವರು ನಕ್ಕರು. ಈ ಕಡೆ ಬಿರುಕು ನಿಂತಿತು. ದೀಪ ಹಚ್ಚಿದ ಮೇಲೂ ಕಾದು ನೋಡಿದೆ, ಅದು ಅಲ್ಲಾಡಲಿಲ್ಲ. ಇವತ್ತಿಗೂ ಅಲ್ಲೇ ಇದೆ. ನಾಲ್ಕು ಗಂಟಿನಷ್ಟು ಅಂಗಡಿಯ ಗೋಡೆಯಲ್ಲಿ, ಒಂದು ಗಂಟಿನಷ್ಟು ನನ್ನ ಅಡಿಗೆಮನೆಯಲ್ಲಿ. ಪಾತ್ರೆ ಸ್ಟ್ಯಾಂಡನ್ನು ನಡುಬಾಗಿಲಿಂದ ತೆಗೆದು ಬಿರುಕಿನ ಪಕ್ಕಕ್ಕೆ ಇಟ್ಟಿದ್ದೇವೆ, ಅದು ಕಾಣುವ ಹಾಗೆ. ಜಾಗ ಸ್ವಲ್ಪ ಇಕ್ಕಟ್ಟಾಗಿದೆ. ಆದರೆ ಅವತ್ತು ತಟ್ಟೆ ವಾಪಸು ಬಂದಾಗ ಉಳಿದ ಸಾರಿಗೆ ನಾನು ಬೆರಳು ಅದ್ದಿ ನೆಕ್ಕಿ ನೋಡಿದ್ದೆ. ಉಪ್ಪು ಸರಿಯಾಗಿತ್ತು. ಇವರು ಬೇಕೆಂದೇ ಕೇಳಿದರು ಎಂಬ ಅನುಮಾನ ನನಗೆ ಇನ್ನೂ ಹೋಗಿಲ್ಲ.